ಸೂಲಗಿತ್ತಿಯ ಸದ್ಗತಿ

ನಮ್ಮ ಗಾವಡಗೆರೆಯ ಕಡೆ ಶ್ರಾವಣ ಮಾಸದಲ್ಲಿ ಹೊಗೆಸೊಪ್ಪಿನ ಬ್ಯಾರನ್ನುಗಳಿಗೆ ಹಗಲಿರುಳೂ ಬೆಂಕಿ ಬೇಕು. ಶಾಖವು ಏರಿದರೂ ಇಳಿದರೂ ಎಲೆ ಕೆಡುವುದಾದ ಕಾರಣ ಒಬ್ಬರಾದರೂ ಒಲೆಯ ಬಳಿ ಎಚ್ಚರವಾಗಿರಬೇಕು. ಅಂತಹ ಒಂದು ರಾತ್ರಿ ನಾನು ನೆರೆಹೊಲದ ವೃದ್ಧರೊಬ್ಬರ ಜೊತೆಯಲ್ಲಿ ಕುಳಿತಿದ್ದೆನು. ಅವರು ದೋರನಹಳ್ಳಿಯ ಕಡೆಯ ಕಥೋಲಿಕ ಮನೆತನದ ಕನ್ಯೆಯನ್ನು ಮದುವೆಯಾಗುವಾಗ ದೀಕ್ಷಾಸ್ನಾನವನ್ನು ಪಡೆದವರು. ಅವರ ತಾಯಿ ಪಡೆಯಲಿಲ್ಲ; ಕರೆದಾಗಲೂ ಒಲ್ಲೆನೆಂದಳು. ಆಕೆ ಸುತ್ತಣ ಹಳ್ಳಿಗಳಿಗೆಲ್ಲ ಸೂಲಗಿತ್ತಿ. ನನ್ನ ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಕೈಯೂ ಆಕೆಯದೇ.

ಬಹಳ ಹೊತ್ತು ಸುಮ್ಮನಿದ್ದು ಅವರು, "ಮೇಷ್ಟ್ರೇ, ನಮ್ಮವ್ವ ಎಲ್ಲಿಗೆ ಹೋಗಿದ್ದಾಳು?" ಎಂದರು.

ಊರೂರು ತಿರುಗುವ ಬೋಧಕನೊಬ್ಬನು, ಕ್ರಿಸ್ತನನ್ನು ನಂಬದೆ ಸತ್ತವಳಿಗೆ ಗತಿಯಿಲ್ಲ, ಮಾಡಿಸಿದ ಹೆರಿಗೆಗಳು ಲೆಕ್ಕಕ್ಕೆ ಬಾರವು, ದೇವರು ತನ್ನವರನ್ನು ಲೋಕ ಹುಟ್ಟುವ ಮುನ್ನವೇ ಆರಿಸಿಕೊಂಡಿದ್ದಾನೆ ಎಂದು ಹೇಳಿ ಹೋಗಿದ್ದನಂತೆ. ನಾನು ನಿರುತ್ತರನಾದೆನು.

ಆ ಮೇಲೆ ಕೆಲವು ತಿಂಗಳು ಇದೇ ಯೋಚನೆಯಲ್ಲಿ ಪುಸ್ತಕಗಳನ್ನು ತೆರೆದೆನು. ಮನುಷ್ಯನು ಉದ್ಧಾರವಾಗುವುದು ದೇವರ ಕೃಪೆಯಿಂದ, ನಂಬಿಕೆಯ ಮೂಲಕ, ತನ್ನ ಕ್ರಿಯೆಗಳಿಂದಲ್ಲವೆಂಬುದು ಪೌಲನ ಮತ. ಕ್ರಿಯೆಯಿಲ್ಲದ ನಂಬಿಕೆಯು ಸತ್ತದ್ದೆಂಬುದು ಯಾಕೋಬನದು. ಒಂದೇ ಬೈಬಲ್ಲಿನಲ್ಲಿ ಎರಡೂ ಇವೆ. ಲೂಥರನು ಪೌಲನನ್ನು ಹಿಡಿದು, 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿನದೆಂದು ಹಳಿದನು. ಕಾಲ್ವಿನನು ಇನ್ನೂ ಮುಂದೆ ಹೋಗಿ, ಕೆಲವರನ್ನು ಮುಕ್ತಿಗೂ ಕೆಲವರನ್ನು ನಾಶಕ್ಕೂ ದೇವರು ಅನಾದಿಯಾಗಿ ನೇಮಿಸಿರುವನೆಂದನು. ಇದನ್ನು ಕೇಳಿದಾಗ ಕನ್ನಡಿಗರು ಬೆಚ್ಚಬೇಕಾದುದಿಲ್ಲ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ವಿಂಗಡವನ್ನು ಮಧ್ವಾಚಾರ್ಯರಿಂದಲೇ ಕೇಳಿದವರು ನಾವು. ತಾಯಿಯನ್ನು ತಬ್ಬಿ ಹಿಡಿಯುವ ಕೋತಿಮರಿಯಂತೆ ಜೀವನೂ ಪ್ರಯತ್ನಿಸಬೇಕೋ, ತಾಯಿಯೇ ಕಚ್ಚಿ ಒಯ್ಯುವ ಬೆಕ್ಕಿನಮರಿಯಂತೆ ಸುಮ್ಮನಿರಬೇಕೋ ಎಂದು ಶ್ರೀವೈಷ್ಣವರೂ ಎರಡು ಪಂಗಡವಾದರು. ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಪಾದರಿಗಳ ಮೂಲಪುರುಷನಾದ ಜಾನ್ ವೆಸ್ಲಿಯು ಮಾತ್ರ, ಕೃಪೆಯು ಸರ್ವರಿಗೂ ಮುಕ್ತವೆಂದು 1739ರಲ್ಲಿ ಬೋಧಿಸಿ, ಈ ಪೂರ್ವನಿಯಮದ ವಾದವನ್ನು ಕಟುವಾಗಿ ಖಂಡಿಸಿದನು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದವನು ಇವರಲ್ಲಿ ಒಬ್ಬನೂ ಅಲ್ಲ, ನಮ್ಮ ಸೀಮೆಯಲ್ಲೇ ಬಾಳಿದ ಅಬ್ಬೆ ದುಬಾಯಿ. ಈ ಫ್ರೆಂಚ್ ಪಾದರಿಯು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದನು. ನಮ್ಮವರಂತೆ ಉಡುಪು ಧರಿಸಿ, ನಮ್ಮವರಂತೆ ಉಂಡು, ಜನರಿಂದ ದೊಡ್ಡಸ್ವಾಮಿಯೆನ್ನಿಸಿಕೊಂಡನು. ಕೊನೆಗೆ ಬೇಸತ್ತು 1823ರಲ್ಲಿ ಸ್ವದೇಶಕ್ಕೆ ಮರಳಿದನು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳಲ್ಲಿ, ಹಿಂದೂಗಳನ್ನು ನಿಜವಾದ ಕ್ರೈಸ್ತರನ್ನಾಗಿಸುವುದು ಮಾನವಸಾಧ್ಯವಲ್ಲವೆಂದೂ, ಸುವಾರ್ತೆಯನ್ನು ನಿರಾಕರಿಸಿದ ಈ ಜನವನ್ನು ದೇವರೇ ಕೈಬಿಟ್ಟಿರುವಂತೆ ತೋರುವುದೆಂದೂ ಬರೆದನು. ಬೋಧಕನ ಮಾತಿಗೂ ಇದಕ್ಕೂ ಎಷ್ಟು ದೂರ! ಜೇಮ್ಸ್ ಹಫ್ ಎಂಬ ಪಾದರಿಯು ಮರುವರ್ಷವೇ ಪುಸ್ತಕ ಬರೆದು ಇದಕ್ಕೆ ಪ್ರತ್ಯುತ್ತರವಿತ್ತನು.

ಹೀಗೆ ಬರೆದ ಕೈ ಅದಕ್ಕೆ ಮುಂಚೆ ಮಾಡಿದ್ದೇನು? ಸಿಡುಬಿಗೆ ಅಂಜಿ ಊರಿಗೆ ಊರೇ ಖಾಲಿಯಾಗುತ್ತಿದ್ದ ಆ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ದೇವಿ ಹಾಕುವುದನ್ನು ಹಬ್ಬಿಸಿದವರಲ್ಲಿ ಈತನು ಮುಂದಾಳು. 1803-04ರಲ್ಲಿ ಈತನ ಮೂಲಕ ದೇವಿ ಹಾಕಿಸಿಕೊಂಡವರು 25,432 ಮಂದಿಯೆಂದು ಲೆಕ್ಕ ದೊರೆಯುತ್ತದೆ. ಇವರ ಆತ್ಮಗಳಿಗೆ ಉಳಿವಿಲ್ಲವೆಂದು ಮುಂದೆ ಬರೆದವನು ಇವರ ಮಕ್ಕಳು ಉಳಿಯಲೆಂದು ಅಷ್ಟು ಶ್ರಮಪಟ್ಟುದೇಕೆ? ಆತನ ತರ್ಕಕ್ಕೂ ಹೃದಯಕ್ಕೂ ನಂಟು ಕಡಿದಿತ್ತೆಂದೇ ನನ್ನ ಅಭಿಪ್ರಾಯ; ಹೃದಯವನ್ನು ನಾನು ಹೆಚ್ಚಾಗಿ ನಂಬುತ್ತೇನೆ.

ಆತನ ಸಭೆಯೂ ಆತನ ನಿರಾಶೆಯಲ್ಲಿ ನಿಲ್ಲಲಿಲ್ಲ. ತಮ್ಮ ದೋಷವಿಲ್ಲದೆ ಸುವಾರ್ತೆಯನ್ನು ಅರಿಯದೆ, ಅಂತಃಸಾಕ್ಷಿಯಂತೆ ನಡೆದು ದೇವರನ್ನು ಅರಸುವವರೂ ಕೃಪೆಯಿಂದ ನಿತ್ಯರಕ್ಷಣೆಯನ್ನು ಹೊಂದಬಹುದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಸಾರಿತು. ಲೂಥರನವರೂ ರೋಮಿನವರೂ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಕೃಪೆ, ನಂಬಿಕೆ, ಸತ್ಕ್ರಿಯೆಗಳ ಮೂಲವಿಚಾರದಲ್ಲಿ ಒಮ್ಮತದ ಪತ್ರಕ್ಕೆ ಸಹಿ ಹಾಕಿದರು. ನಾಲ್ಕುನೂರು ವರ್ಷಕ್ಕೂ ಮಿಕ್ಕಿದ ಜಗಳ!

ಇದನ್ನೆಲ್ಲ ವೃದ್ಧರಿಗೆ ನನಗೆ ತಿಳಿದಂತೆ ಹೇಳಿದೆನು. "ಅರಿಯದವರಿಗೆ ಸರಿ, ನಮ್ಮವ್ವ ಅರಿತೂ ಒಲ್ಲೆ ಅಂದವಳಲ್ಲವೆ?" ಎಂದರು. ಆಕೆಗೆ ಅರಿವಾದದ್ದು ಕ್ರಿಸ್ತನೋ, ಮಗನು ಮನೆ ಬಿಟ್ಟು ಹೋದಾನೆಂಬ ಭಯವೋ ಎಂದು ಕೇಳಿದೆನು. ಅವರು ಒಲೆಗೆ ಇನ್ನೊಂದು ಕೊರಡನ್ನು ನೂಕಿ ಮತ್ತೇನೂ ಹೇಳಲಿಲ್ಲ.

ಮುಂದಿನ ಜೂನ್ 13ರಂದು ದೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬಕ್ಕೆ ನನ್ನನ್ನೂ ಕರೆದೊಯ್ದರು. ಹೊಲ ಉಳುವಾಗ ರೈತನೊಬ್ಬನಿಗೆ ಸಿಕ್ಕಿತೆಂದು ಹೇಳುವ ಆ ಸಂತರ ಪ್ರತಿಮೆಗೆ ಹರಕೆ ಹೊತ್ತು ಎಲ್ಲ ಜಾತಿಯವರೂ ನೆರೆದಿದ್ದರು. ಮಳೆ ಸಣ್ಣಗೆ ಹನಿಯುತ್ತಿತ್ತು. ಅಂಗಡಿಯವನ ಬಳಿ ಅವರು ಎರಡು ಮೇಣದ ಬತ್ತಿಗಳನ್ನು ಕೊಂಡರು. ಒಂದು ತಾಯಿಗೆಂದು ನಾನು ತಿಳಿದೆನು; ಇನ್ನೊಂದು ಯಾರಿಗೆಂದು ಕೇಳಿದೆನು.

"ಆ ದೊಡ್ಡಸ್ವಾಮಿಗೆ," ಎಂದರು. "ಪಾಪ, ಅಷ್ಟು ಮಂದಿಗೆ ದೇವಿ ಹಾಕಿಸಿಯೂ ನೊಂದುಕೊಂಡು ಹೋದರಲ್ಲ."