ಎಸೆಯುವ ಮುನ್ನ ಒಮ್ಮೆ ಬಿಚ್ಚಿ ನೋಡಿ

ಕ್ಯಾರೋಲ್ ಹಾಡುತ್ತಾ ಮನೆಮನೆಗೆ ಹೋಗುವವರಿಗೆ ಬೀದಿಯಲ್ಲಿ ಪ್ಲಗ್ ಪಾಯಿಂಟ್ ಸಿಗುವುದಿಲ್ಲ. ಹೊಸೂರಿನ ನಮ್ಮ ಗಾಯನ ವೃಂದಕ್ಕೆ ಆಗ ಆಸರೆ, 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಅಂಗೈಯಗಲದ ಗಿಟಾರ್ ಆಂಪ್ಲಿಫೈಯರ್. ನಮಗೆಲ್ಲ ಗಿಟಾರ್ ಕಲಿಸಿದ ಹಿರಿಯರು ತೀರಿಕೊಂಡ ಮೇಲೆ ಅವರ ಮನೆಯವರು ಕೊಟ್ಟದ್ದು ಅದು. ಕಳೆದ ವರ್ಷ ಅದರ ದನಿ ನಿಂತುಹೋಯಿತು. ಅಂಗಡಿಯವರು, "ರಿಪೇರಿ ಕೂಲಿಗೆ ಹೊಸದೇ ಬರುತ್ತೆ, ಎಸೆದುಬಿಡಿ" ಎಂದರು. ನಮಗೆ ಮನಸ್ಸಾಗಲಿಲ್ಲ.

ವೃಂದದಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಯೊಬ್ಬಳಿದ್ದಾಳೆ. ಅವಳನ್ನು ಮುಂದಿಟ್ಟುಕೊಂಡು ಪೆಟ್ಟಿಗೆ ಬಿಚ್ಚಿದೆವು. ಒಳಗಿದ್ದದ್ದು ಎಲ್‌ಎಂ 386 ಎಂಬ ಎಂಟು ಕಾಲಿನ ಐ.ಸಿ., ಕೆಲವು ಕೆಪಾಸಿಟರ್‌ಗಳು, ಪುಟ್ಟ ಸ್ಪೀಕರ್, ಅಷ್ಟೇ. ಹೊಸ ಬ್ಯಾಟರಿ ಹಾಕಿ ಮಲ್ಟಿಮೀಟರ್ ಹಿಡಿದಾಗ ಐ.ಸಿ.ಯ 6ನೇ ಕಾಲಿನಲ್ಲಿ 9 ವೋಲ್ಟ್, 5ನೇ ಕಾಲಿನಲ್ಲಿ ಅದರ ಅರ್ಧದಷ್ಟು ತೋರಿತು. ಇದು ಸರಿಯಾದ ಲೆಕ್ಕವೇ. ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಬೆರಳು ತಾಗಿಸಿ 3ನೇ ಕಾಲನ್ನು ಮುಟ್ಟಿದರೆ ಸ್ಪೀಕರ್ ಗುಂಯ್ ಎಂದಿತು. ಅಂದರೆ ಐ.ಸಿ.ಯೂ ಸ್ಪೀಕರೂ ಬದುಕಿವೆ, ಗಿಟಾರಿನ ದನಿ ಮಾತ್ರ ಅಲ್ಲಿಯವರೆಗೆ ಬರುತ್ತಿಲ್ಲ!

ಗಿಟಾರಿನ ವೈರ್ ಸಿಕ್ಕಿಸುವ ಜ್ಯಾಕನ್ನು ಭೂತಗನ್ನಡಿಯಲ್ಲಿ ನೋಡಿದೆವು. ಅದರ ಒಂದು ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು. ವರ್ಷಗಟ್ಟಲೆ ಸಿಕ್ಕಿಸಿ ಕಿತ್ತು ಬೆಸುಗೆ ಸಡಿಲಾಗಿತ್ತು. ಹಳೆಯದನ್ನು ಕರಗಿಸಿ ತೆಗೆದು ಹೊಸದಾಗಿ ಬೆಸೆದೆವು. ವಾಲ್ಯೂಮ್ ತಿರುಗಿಸುವಾಗ ಬರುತ್ತಿದ್ದ ಕರಕರ ಸದ್ದು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಇಪ್ಪತ್ತು ಸಲ ತಿರುಗಿಸಿದ ಮೇಲೆ ಹೋಯಿತು.

ಆ ಡಿಸೆಂಬರಿನಲ್ಲಿ ಹಿರಿಯರ ಮನೆಯಂಗಳದಲ್ಲೂ ಹಾಡಿದೆವು. ಅಜ್ಜಿ ಬಾಗಿಲಿಗೆ ಬಂದು, "ಅದೇ ಪೆಟ್ಟಿಗೆ ಅಲ್ವೇನ್ರಪ್ಪಾ?" ಎಂದು ಕೇಳಿ, ಹಾಡು ಮುಗಿಯುವವರೆಗೂ ನಿಂತಿದ್ದರು.

ಪ್ರಿಯ ಓದುಗರೇ, ಇಂಥ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಕೈ ತಾಗುವ ಜಾಗಗಳೇ: ಜ್ಯಾಕ್, ಸ್ವಿಚ್, ವಾಲ್ಯೂಮ್, ಬ್ಯಾಟರಿ ಕ್ಲಿಪ್. ಅಲ್ಲಿಂದಲೇ ಹುಡುಕಿ. ಆದರೆ ಕರೆಂಟಿನಲ್ಲಿ ನಡೆಯುವ ಆಂಪ್ಲಿಫೈಯರನ್ನು ಮಾತ್ರ ಬಲ್ಲವರಿಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಹಬ್ಬ ಮುಗಿದ ಮೇಲೆ ಬ್ಯಾಟರಿಯನ್ನು ಹೊರತೆಗೆದಿಡಿ. ಒಳಗೇ ಬಿಟ್ಟರೆ ಅದು ಸೋರಿ ಕ್ಲಿಪ್ಪನ್ನು ತಿಂದುಹಾಕುತ್ತದೆ.