ಷರಾ ಕಾಲಮ್ಮಿನಾಗ ಏನು ಬರೀತಾರ?

ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರಸೊತ್ತು ಮಾಡಿಕೊಂಡು ಓದ್ರಿ.

ಹೋದ ತಿಂಗಳು ಅಕ್ಕನ ಮಗಳು ಫೋನ್ ಮಾಡಿದಳು. ಬಿ.ಎ. ಎರಡನೇ ವರ್ಷ ಓದ್ತಾಳ. "ಮಾಮಾ, ನಮ್ಮ ಲೈಬ್ರರಿ ಹೊರಗ ಪುಸ್ತಕ ಗಂಟು ಕಟ್ಟಿ ಇಟ್ಟಾರ. ರದ್ದಿಗೆ ಹಾಕ್ತಾರಂತ. ಅದರಾಗ 'ಊರು ಕೇರಿ' ಐತಿ, 'ಗೌರ್ಮೆಂಟ್ ಬ್ರಾಹ್ಮಣ' ಐತಿ. ಒಂದೂ ಹರಿದಿಲ್ಲ ಮಾಮಾ, ಹೊಸಾವು ಇದ್ದಂಗ ಅದಾವು" ಅಂದಳು.

ಹೊಸಾವು ಇದ್ದಂಗ ಅದಾವು ಅನ್ನೋ ಮಾತು ರಾತ್ರಿಯೆಲ್ಲ ಕಾಡಿತು. ಎಷ್ಟೋ ವರ್ಷದ ಹಿಂದೆ ಕೊಂಡ ಪುಸ್ತಕ ಹೊಸದರಂತೆ ಇದೆ ಅಂದ್ರೆ ಅದನ್ನು ಯಾರೂ ಮುಟ್ಟಿಲ್ಲ ಅಂತ ಅರ್ಥ. ಮುಟ್ಟದೇ ಇರೋದು ಅಂದ್ರೇನು ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮರುದಿನವೇ ಧರಣಿ ಕೂಡೋಣ ಅಂತ ಗೆಳೆಯರು ಅಂದರು. ನಾನು ಕಚೇರಿಯಲ್ಲಿ ಕಡತ ನೋಡಿಕೊಂಡೇ ಬದುಕುವ ಗುಮಾಸ್ತ. "ಮೊದಲು ರಿಜಿಸ್ಟರ್ ನೋಡೋಣು, ಆಮೇಲೆ ಧರಣಿ" ಅಂದೆ. ಅರ್ಧ ದಿನ ರಜೆ ಹಾಕಿ ಬಾಗಲಕೋಟೆಯಿಂದ ಬಸ್ಸು ಹತ್ತಿದೆ. ಕಾಲೇಜಿನ ಹೆಸರು ಬರೆಯೋದಿಲ್ಲ. ಇದು ಅದೊಂದರ ಕಥೆ ಅಲ್ಲ, ನಿಮ್ಮ ಊರಿನ ಕಾಲೇಜಿಗೆ ಹೋದರೂ ಬಹುಶಃ ಇದೇ ಕಾಣುತ್ತೆ.

ಲೈಬ್ರರಿಯನ್ ಕೆಟ್ಟ ಮನುಷ್ಯ ಅಲ್ಲ. "ಬರ್ರಿ ಸರ್, ಕುಂದರ್ರಿ" ಅಂತ ಚಹಾ ತರಿಸಿದರು. ಅಕ್ಸೆಷನ್ ರಿಜಿಸ್ಟರ್ ತೆಗೆದು ಮುಂದಿಟ್ಟರು. ಗೊತ್ತಿಲ್ಲದವರಿಗೆ ಹೇಳ್ತೀನಿ: ಕಾಲೇಜಿಗೆ ಬಂದ ಪ್ರತಿ ಪುಸ್ತಕಕ್ಕೂ ಒಂದು ನಂಬರ್ ಬೀಳುತ್ತೆ. ಆ ದೊಡ್ಡ ರಿಜಿಸ್ಟರಿನಲ್ಲಿ ತಾರೀಖು, ಲೇಖಕ, ಪುಸ್ತಕದ ಹೆಸರು, ಪ್ರಕಾಶಕ, ಬೆಲೆ, ಬಿಲ್ ನಂಬರ್ ಎಲ್ಲ ಬರೀತಾರೆ. ಕೊನೆಗೆ ಷರಾ ಕಾಲಂ. ಪುಸ್ತಕ ಕಳೆದರೆ, ಹರಿದರೆ, ರದ್ದು ಮಾಡಿದರೆ ಅಲ್ಲೇ ಬರೀತಾರೆ. ಅಂದ್ರೆ ಪುಸ್ತಕದ ಜನನ ಮೊದಲ ಕಾಲಮ್ಮಿನಾಗ, ಮರಣ ಷರಾ ಕಾಲಮ್ಮಿನಾಗ.

ನಮ್ಮ ಪುಸ್ತಕಗಳ ಎದುರು ಷರಾ ಕಾಲಮ್ಮಿನಾಗ ಪೆನ್ಸಿಲ್ ಗುರುತು ಬಿದ್ದಿತ್ತು.

"ಯಾಕ್ರಿ ಸರ್?" ಅಂದೆ. "ಕಮಿಟಿ ತೀರ್ಮಾನ ಸರ್. ಜಾಗ ಇಲ್ಲ. ಹತ್ತು ವರ್ಷದಿಂದ ಯಾರೂ ಒಯ್ಯದ ಪುಸ್ತಕ ತೆಗೀಬೇಕಂತ ಆಗೇತಿ. ನೋಡ್ರಿ, ಸ್ಲಿಪ್ ಖಾಲಿ ಐತಿ. ಯಾರೂ ಕೇಳಲಿಲ್ರಿ."

ಪುಸ್ತಕದ ಹಿಂದೆ ಅಂಟಿಸಿದ ಸ್ಲಿಪ್ ನೋಡಿದೆ. ಒಂದೂ ತಾರೀಖಿನ ಮುದ್ರೆ ಇಲ್ಲ. ಅವರು ಹೇಳಿದ್ದು ನಿಜವೇ. ಹಾಗಾದ್ರೆ ಇಷ್ಟು ವರ್ಷ ಇವು ಎಲ್ಲಿದ್ದವು ಅಂತ ಕೇಳಿದೆ. ಒಳಗಿನ ಕೋಣೆಯ ಬೀಗ ಹಾಕಿದ ಕಪಾಟು ತೋರಿಸಿದರು. ಅಲ್ಲಿಗೆ ಹುಡುಗರಿಗೆ ಪ್ರವೇಶ ಇಲ್ಲ. ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಕೌಂಟರಿನಲ್ಲಿ ಕೊಟ್ಟರೆ ಒಳಗಿನಿಂದ ತಂದು ಕೊಡ್ತಾರೆ.

ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಚೀಟಿಯಲ್ಲಿ ಬರೆಯೋದು ಹೆಂಗ?

ನನ್ನ ಕಥೆಯೂ ಇದೇ. ಅಪ್ಪ ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ಮನೆಯಲ್ಲಿದ್ದ ಪುಸ್ತಕ ಅಂದ್ರೆ ರೇಷನ್ ಕಾರ್ಡ್ ಒಂದೇ. ತೊಂಬತ್ತರ ದಶಕದ ಕೊನೆಗೆ ಬಿ.ಎ.ಗೆ ಸೇರಿದಾಗ ಲೈಬ್ರರಿ ಕೌಂಟರಿನ ಕಂಡಿಯ ಮುಂದೆ ನಿಂತು, ಸಿಲಬಸ್‌ನಲ್ಲಿದ್ದ ನಾಲ್ಕು ಹೆಸರು ಬಿಟ್ಟು ಬೇರೆ ಏನು ಬರೀಬೇಕು ಅಂತ ತಿಳೀತಿರಲಿಲ್ಲ. ಸಿದ್ದಲಿಂಗಯ್ಯನವರ 'ಊರು ಕೇರಿ' ಬಂದದ್ದು 1996ರಲ್ಲಿ. ಅದು ನನ್ನ ಕೈಗೆ ಸಿಕ್ಕಿದ್ದು ಕಾಲೇಜು ಮುಗಿದ ಮೇಲೆ, ಬಾದಾಮಿಯಲ್ಲಿ ನಡೆದ ಒಂದು ಶಿಬಿರದಲ್ಲಿ, ಯಾರೋ ಮಾಡಿಸಿಕೊಂಡಿದ್ದ ಝೆರಾಕ್ಸ್ ಪ್ರತಿಯಾಗಿ. 'ಗೌರ್ಮೆಂಟ್ ಬ್ರಾಹ್ಮಣ' ಬರೆದ ಅರವಿಂದ ಮಾಲಗತ್ತಿಯವರು ಮುದ್ದೇಬಿಹಾಳದವರು, ಹುನಗುಂದದ ಪಕ್ಕದ ತಾಲ್ಲೂಕು. ಇಷ್ಟು ಹತ್ತಿರದವರು ಅಂತ ನನಗೆ ಗೊತ್ತಾಗಲು ಮೂವತ್ತು ವರ್ಷ ತುಂಬಬೇಕಾಯಿತು.

ರಿಜಿಸ್ಟರ್ ಹಿಂದೆ ಹಿಂದೆ ತಿರುವಿದೆ. ಈ ಪುಸ್ತಕಗಳು ಬಂದದ್ದೆಲ್ಲ ಒಂದೇ ದಿನ, ಒಂದೇ ಬಿಲ್ಲಿನಲ್ಲಿ, ಮಾರ್ಚ್ ಕೊನೆಯ ವಾರ. ಗುಮಾಸ್ತರಿಗೆ ಮಾರ್ಚ್ ಅಂದ್ರೆ ಏನು ಅಂತ ಗೊತ್ತು. 31ರೊಳಗೆ ಖರ್ಚು ಮಾಡದಿದ್ರೆ ಅನುದಾನ ವಾಪಸ್. ನಮ್ಮ ಹುಡುಗರ ಹೆಸರಿನಲ್ಲಿ ಬಂದ ಎಸ್.ಸಿ., ಎಸ್.ಟಿ. ದುಡ್ಡು. ಅವಸರದಲ್ಲಿ ಅಂಗಡಿಯವರು ಕೊಟ್ಟ ಪಟ್ಟಿಗೇ ಆರ್ಡರ್ ಹೋಗಿದೆ. ಅದೇ ಬಿಲ್ಲಿನಲ್ಲಿ ಒಂದೇ ಗೈಡಿನ ಹತ್ತಾರು ಪ್ರತಿ, ನಡುವೆ ಇವು ಒಂದೊಂದು. ಯಾರೂ ಬೇಕು ಅಂತ ತರಿಸಿದ್ದಲ್ಲ, ಹಾಗಾಗಿ ಯಾರೂ ಹೊರಗಿಡಲಿಲ್ಲ. ಬೀಗ ಹಾಕಿದರು. ಬೀಗ ಹಾಕಿದ್ದಕ್ಕೆ ಯಾರೂ ಒಯ್ಯಲಿಲ್ಲ. ಯಾರೂ ಒಯ್ಯಲಿಲ್ಲ ಅಂತ ರದ್ದಿಗೆ. ಪ್ರತಿ ಹಂತದಲ್ಲೂ ಕಾಗದ ಸರಿಯಾಗೇ ಐತಿ, ಒಬ್ಬರ ಮೇಲೂ ಬೆರಳು ತೋರಿಸೋಕೆ ಬರೋದಿಲ್ಲ.

ಆ ಲೈಬ್ರರಿಯನ್ನರೇ ಒಂದು ಮಾತು ಹೇಳಿದರು. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರೋದು ಬಳಸೋಕೆ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಅಂದ್ರೆ ಓದುಗನನ್ನು ಹುಡುಕೋ ಕೆಲಸವೂ ಲೈಬ್ರರಿಯದೇ. "ಪರೀಕ್ಷೆಗೆ ಬರೆದಿದ್ದೆ ಸರ್, ಇಲ್ಲಿ ಮಾಡೋಕಾಗಲಿಲ್ಲ" ಅಂತ ನಕ್ಕರು. ಆ ನಗುವಿನಲ್ಲಿ ನಾಚಿಕೆಯೂ ಇತ್ತು.

ಆಮೇಲೆ ಅವರು ಇನ್ನೊಂದು ಪುಸ್ತಕ ಮುಂದಿಟ್ಟರು, ಸಲಹಾ ಪುಸ್ತಕ. ಯಾವ ಪುಸ್ತಕ ತರಿಸಬೇಕು ಅಂತ ವಿದ್ಯಾರ್ಥಿಗಳು ಬರೆಯೋದು. ಪುಟ ತಿರುವಿದೆ. ಪಿಎಸ್‌ಐ ಪರೀಕ್ಷೆ, ಎಫ್‌ಡಿಎ ಪರೀಕ್ಷೆಯ ಪುಸ್ತಕ ಬೇಕು ಅಂತ ಆರೇಳು ಸಾಲು. ಉಳಿದದ್ದೆಲ್ಲ ಖಾಲಿ.

ಅಲ್ಲಿ ನನಗೆ ಪೆಟ್ಟು ಬಿತ್ತು. ಇದೇ ಕಾಲೇಜಿನಲ್ಲಿ ಬಾಬಾಸಾಹೇಬರ ಫೋಟೋ ಹಾಕಿಸಲು ನಾವು ಹೋರಾಡಿದ್ವಿ. ಏಪ್ರಿಲ್ 14ಕ್ಕೆ ಡಾಲ್ಬಿ ಹಚ್ಚಿದ್ವಿ. ಉಪಯೋಜನೆ ದುಡ್ಡು ಬೇರೆ ಕಡೆ ಹೋಗಬಾರದು, 2013ರ ಕಾಯ್ದೆಯ 7ಡಿ ತೆಗೀಬೇಕು ಅಂತ ಬೀದಿಗಿಳಿದ್ವಿ. ಎಲ್ಲ ಸರಿಯೇ. ಆದರೆ ಆ ದುಡ್ಡು ಕಾಲೇಜಿಗೆ ಬಂದ ಮೇಲೆ ಅದರಲ್ಲಿ ಯಾವ ಪುಸ್ತಕ ಕೊಳ್ತಾರೆ, ಲೈಬ್ರರಿ ಕಮಿಟಿಯಲ್ಲಿ ಯಾರಿದ್ದಾರೆ, ಕೀಲಿ ಯಾರ ಹತ್ರ ಐತಿ ಅಂತ ಒಬ್ಬರೂ ಕೇಳಲಿಲ್ಲ. ಫೋಟೋ ಗೋಡೆ ಮೇಲೆ, ಅವರ ಬರಹ ಬೀಗದ ಒಳಗೆ. ನಾವೂ ಕೈಮುಗಿದು ಬಂದ್ವಿ.

ಬಾಬಾಸಾಹೇಬರು ಮೆಟ್ರಿಕ್ ಪಾಸಾದಾಗ, 1907ರಲ್ಲಿ, ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅನ್ನೋ ಗುರುಗಳು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಉಡುಗೊರೆ ಕೊಟ್ಟರು. ಆ ಒಂದು ಪುಸ್ತಕದ ದಾರಿ 1956ರ ನಾಗಪುರದವರೆಗೆ ಬಂತು. ವಿದೇಶದಲ್ಲಿ ಹೊಟ್ಟೆ ಕಟ್ಟಿ ಕೊಂಡ ಪುಸ್ತಕಗಳನ್ನು ಹಡಗಿನಲ್ಲಿ ಕಳಿಸಿದಾಗ, ಮೊದಲ ಮಹಾಯುದ್ಧದಲ್ಲಿ ಆ ಹಡಗೇ ಮುಳುಗಿತು. ಅವರು ಮತ್ತೆ ಕೊಂಡರು. ಮುಂಬೈಯ ದಾದರದಲ್ಲಿ ರಾಜಗೃಹ ಕಟ್ಟಿದಾಗ ಪುಸ್ತಕಗಳಿಗೆ ಅಂತಲೇ ಜಾಗ ಮಾಡಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಶುರು ಮಾಡಿದಾಗ ಅದರ ಕೆಲಸಗಳಲ್ಲಿ ಹಾಸ್ಟೆಲ್ ಜೊತೆ ವಾಚನಾಲಯವೂ ಇತ್ತು. ಅಂದ್ರೆ ಪುಸ್ತಕ ಕೂಡಿಸೋದು ಅವರಿಗೆ ಹವ್ಯಾಸ ಅಲ್ಲ, ಚಳವಳಿಯ ಕೆಲಸ.

ನಮ್ಮ ಕಡೆಯ ಉದಾಹರಣೆಯೂ ಐತಿ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ವಚನಗಳ ತಾಳೆಗರಿ ಕೂಡಿಸಿದರು. ಮುದ್ರಣಕ್ಕಾಗಿ ಮನೆಯನ್ನೇ ಮಾರಿದರು. ಇವತ್ತು ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯನವರ ಮಾತು ಸರ್ಕಾರದ 15 ವಚನ ಸಂಪುಟಗಳಲ್ಲಿ ಸಿಗೋದರ ಹಿಂದೆ ಅಂಥ ಹುಡುಕಾಟ ಐತಿ. ಯಾರು ಕೂಡಿಸ್ತಾರೋ ಅವರು ಬೇಕು ಅಂದದ್ದು ಉಳೀತದ. ನಮ್ಮ ಕೇರಿಯ ಅವ್ವಂದಿರು ಹಾಡಿದ್ದು ತಾಳೆಗರಿ ಮೇಲೆ ಬರಲಿಲ್ಲ, ಯಾರೂ ಕೂಡಿಸಲಿಲ್ಲ, ಅವರ ಜೊತೆಗೇ ಹೋಯಿತು. ಈಗ ಬರೆದದ್ದಾದರೂ ಹೋಗಬಾರದು.

ಅಕ್ಕನ ಮಗಳು ಮತ್ತು ಅವಳ ಗೆಳತಿಯರು ಒಂದು ಅರ್ಜಿ ಬರೆದರು. ನಾನು ಬರೆದುಕೊಡ್ತೀನಿ ಅಂದ್ರೆ "ಬ್ಯಾಡ ಮಾಮಾ, ನಿಮ್ಮದು ಆಫೀಸ್ ಭಾಷೆ" ಅಂದಳು. ಗಂಟು ಬಿಚ್ಚಿ ಪುಸ್ತಕಗಳನ್ನು ಕೈಗೆ ಸಿಗೋ ರ‍್ಯಾಕಿನಲ್ಲಿಡಿ, ಬುಕ್ ಬ್ಯಾಂಕಿಗೆ ಕೊಳ್ಳೋ ಮುಂಚೆ ನಮ್ಮನ್ನು ಕೇಳಿ, ಕಮಿಟಿಯಲ್ಲಿ ನಮ್ಮದೂ ಒಂದು ಕುರ್ಚಿ ಇರಲಿ. ಮೂರೇ ಬೇಡಿಕೆ. ಕಮಿಟಿ ಮುಂದಿಡ್ತೀನಿ ಅಂತ ಪ್ರಾಂಶುಪಾಲರು ಅಂದಾರ. ಕಮಿಟಿ ಇನ್ನೂ ಕೂಡಿಲ್ಲ. ಗಂಟು ಬಿಚ್ಚ್ಯಾರ, ರ‍್ಯಾಕ್ ಬಂದಿಲ್ಲ, ಪುಸ್ತಕ ಈಗ ಬೆಂಚಿನ ಮೇಲೆ ಅದಾವು.

ಬಂಧುಗಳೇ, ನಿಮ್ಮೂರಲ್ಲಿ ಹಿಂಗ ಮಾಡ್ರಿ:

1. ಕಾಲೇಜಿನಲ್ಲಿ ನಮ್ಮ ಹುಡುಗರಿದ್ದರೆ ಸಲಹಾ ಪುಸ್ತಕದಲ್ಲಿ ಹೆಸರು ಬರೆಸ್ರಿ. ವಿಭಾಗದ ಮುಖ್ಯಸ್ಥರು ಪಟ್ಟಿ ಕೊಡೋದು ವರ್ಷದ ಶುರುವಿನಲ್ಲಿ. ಮಾರ್ಚ್ ತನಕ ಕಾಯಬ್ಯಾಡ್ರಿ.
2. ಬಾಬಾಸಾಹೇಬರ ಬರಹ, ಭಾಷಣಗಳ ಕನ್ನಡ ಸಂಪುಟಗಳನ್ನು ಸರ್ಕಾರವೇ ಪ್ರಕಟಿಸೇತಿ. ಅವು ಕಾಲೇಜಿನಲ್ಲಿ ಅದಾವೋ ಇಲ್ಲೋ, ಇದ್ದರೆ ಬೀಗದ ಒಳಗೋ ಹೊರಗೋ ನೋಡ್ರಿ.
3. ಸರ್ಕಾರಿ, ಅನುದಾನಿತ ಕಾಲೇಜಿನ ಲೆಕ್ಕ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಐತಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬುಕ್ ಬ್ಯಾಂಕ್ ಖರೀದಿ ಪಟ್ಟಿ ಕೇಳ್ರಿ.
4. ಎಲ್ಲಕ್ಕಿಂತ ಮೊದಲು, ಇದ್ದ ಪುಸ್ತಕ ಮನೆಗೆ ಒಯ್ದು ಓದ್ರಿ. ಸ್ಲಿಪ್ಪಿನ ಮೇಲೆ ತಾರೀಖು ಬೀಳಲಿ.

ನಿನ್ನೆ ಅಕ್ಕನ ಮಗಳು ಒಂದು ಫೋಟೋ ಕಳಿಸಿದಳು. 'ಊರು ಕೇರಿ'ಯ ಹಿಂದಿನ ಸ್ಲಿಪ್. ಖಾಲಿ ಇದ್ದ ಮೊದಲ ಸಾಲಿನಲ್ಲಿ ನೇರಳೆ ಶಾಯಿಯ ಮುದ್ರೆ. ಕೆಳಗೆ ಅವಳ ಸಂದೇಶ: "ಹದಿನೈದು ದಿನಕ್ಕ ವಾಪಸ್ ಕೊಡಬೇಕು ಮಾಮಾ. ಆಮೇಲೆ ಗೆಳತಿ ಒಯ್ತಾಳಂತ. ಸರ್ ಷರಾ ಕಾಲಮ್ಮಿನ ಪೆನ್ಸಿಲ್ ಗುರುತು ರಬ್ಬರಿನಿಂದ ಅಳಿಸಿದ್ರು."

ಒಂದೇ ಪುಸ್ತಕದ್ದು ಅಳಿಸ್ಯಾರ. ಉಳಿದವು ಇನ್ನೂ ಹಂಗೇ ಅದಾವು.

ಜೈ ಭೀಮ್.