ಪ್ರಶ್ನಾವಳಿ ಹಿಡಿದು ಕೋಟೆಗೆ

ಶಿಕ್ಷಣಶಾಸ್ತ್ರ ವಿಭಾಗದ ಗ್ರಂಥಾಲಯದಲ್ಲಿ ಕಿಟಕಿ ಪಕ್ಕದ ಪ್ರಬಂಧಗಳ ಕಪಾಟಿನ ಮುಂದೆ ನಿಂತಿದ್ದೀರಿ. ಕಡುನೀಲಿ, ಕಪ್ಪು, ಮರೂನ್ ರಟ್ಟುಗಳ ಮೇಲೆ ಚಿನ್ನದ ಅಕ್ಷರ. ಒಂದನ್ನು ಎಳೆದರೆ ಪಕ್ಕದ್ದೂ ಅಂಟಿಕೊಂಡೇ ಬರುತ್ತದೆ. ಒಂದರಲ್ಲಿ ಯಾವುದೋ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕರ ವೃತ್ತಿತೃಪ್ತಿ, ಇನ್ನೊಂದರಲ್ಲಿ ಯಾವುದೋ ಜಿಲ್ಲೆಯ ಪ್ರಶಿಕ್ಷಣಾರ್ಥಿಗಳ ಮನೋಭಾವ, ಎಲ್ಲವೂ ‘ಲಿಂಗ ಮತ್ತು ವಾಸಸ್ಥಳಕ್ಕೆ ಸಂಬಂಧಿಸಿದಂತೆ’. ಊರಿನ ಹೆಸರೊಂದನ್ನು ಬದಲಿಸಿದರೆ ನಿಮ್ಮದೂ ಇಲ್ಲೇ ಸೇರಿಕೊಳ್ಳಬಹುದು. ಎಂ.ಎಡ್. ಎರಡನೇ ವರ್ಷ, ಸಿನಾಪ್ಸಿಸ್ ಒಪ್ಪಿಗೆಯಾಗಿದೆ. ವಿಷಯ: ಮಕ್ಕಳು ಕಾರ್ಡು ಹಿಡಿದು ತಮ್ಮ ಗತಿಯಲ್ಲೇ ಕಲಿಯುವ ನಲಿ-ಕಲಿ ಪದ್ಧತಿಯ ಬಗ್ಗೆ ಪ್ರಾಥಮಿಕ ಶಾಲಾ ಶಿಕ್ಷಕರ ಮನೋಭಾವ. ಈಗ ಗೈಡ್ ಮೇಡಂ ಕರೆದಿದ್ದಾರೆ.

ಮೇಡಂ ಕೈಯಲ್ಲಿ ಕೆಂಪು ಪೆನ್ನು. ಪ್ರಶ್ನಾವಳಿಗೆ ನೀವು ಬರೆದ ಹೇಳಿಕೆಯೊಂದರ ಮೇಲೆ ಪೆನ್ನು ನಿಲ್ಲುತ್ತದೆ: ‘ನಲಿ-ಕಲಿ ಮಕ್ಕಳಿಗೆ ಇಷ್ಟವಾಗುತ್ತದೆ ಮತ್ತು ಶಿಕ್ಷಕರಿಗೆ ಸುಲಭವಾಗಿದೆ.’

‘ಒಂದೇ ಹೇಳಿಕೇಲಿ ಎರಡು ಪ್ರಶ್ನೆ ಕೇಳಿದ್ದೀಯಲ್ಲಮ್ಮ. ಮೊದಲನೇದಕ್ಕೆ ಹೂಂ, ಎರಡನೇದಕ್ಕೆ ಊಹೂಂ ಅನ್ನೋರು ಎಲ್ಲಿ ಗುರುತು ಹಾಕಬೇಕು?’

ಹೌದಲ್ಲ. ‘ಮತ್ತು’ ಹೊಡೆದುಹೋಗುತ್ತದೆ, ಒಂದು ಹೇಳಿಕೆ ಎರಡಾಗುತ್ತದೆ. ಪ್ರತಿ ಹೇಳಿಕೆಯ ಮುಂದೆ ಐದು ಮನೆ: ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸಂಪೂರ್ಣ ಒಪ್ಪುವುದಿಲ್ಲ. 1932ರಲ್ಲಿ ರೆನ್ಸಿಸ್ ಲೈಕರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಹಾಕಿಕೊಟ್ಟ ಈ ಐದು ಮನೆಗಳಲ್ಲೇ ನಮ್ಮ ಎಂ.ಎಡ್. ಪ್ರಬಂಧಗಳ ಬಹುಪಾಲು ಬದುಕು ಸಾಗುತ್ತಿದೆ. ಆಮೇಲೆ ಪೈಲಟ್ ಸ್ಟಡಿ. ಹೆಚ್ಚು ಅಂಕ ಬಂದ ಶೇ 27 ಮಂದಿ ಒಂದು ಕಡೆ, ಕಡಿಮೆ ಬಂದ ಶೇ 27 ಮಂದಿ ಇನ್ನೊಂದು ಕಡೆ; ಎರಡು ಗುಂಪುಗಳ ನಡುವೆ ವ್ಯತ್ಯಾಸ ತೋರದ ಹೇಳಿಕೆಗಳೆಲ್ಲ ಕಸದ ಬುಟ್ಟಿಗೆ. ಉಳಿದವುಗಳ ಜೆರಾಕ್ಸ್ ಆಯಿತು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪತ್ರವೂ ಸಿಕ್ಕಿತು.

ಮೈಸೂರಿನ ಸಬರ್ಬ್ ನಿಲ್ದಾಣದಲ್ಲಿ ಎಚ್.ಡಿ. ಕೋಟೆ ಬಸ್ಸು ಹತ್ತಿದ್ದೀರಿ. ತೊಡೆಯ ಮೇಲೆ ಪ್ರಶ್ನಾವಳಿಯ ಕಟ್ಟು. ಮಾನಂದವಾಡಿ ರಸ್ತೆ, ಹಂಪಾಪುರ, ಹ್ಯಾಂಡ್‌ಪೋಸ್ಟ್. ಎರಡೂ ಕಡೆ ಹತ್ತಿ, ಹೊಗೆಸೊಪ್ಪು, ರಾಗಿ. ಮಾದರಿ ಆಯ್ಕೆ ‘ಸರಳ ಯಾದೃಚ್ಛಿಕ’ ಎಂದು ಸಿನಾಪ್ಸಿಸ್ಸಿನಲ್ಲಿ ಬರೆದಿದ್ದೀರಿ. ನಿಜ ಹೇಳಬೇಕೆಂದರೆ ಬೆಳಿಗ್ಗೆ ಬಸ್ಸು ಹೋಗಿ ಸಂಜೆ ವಾಪಸ್ ಬರುವ ಊರುಗಳ ಶಾಲೆಗಳೇ ಮಾದರಿ. (ಕಪಾಟಿನ ಎಷ್ಟು ರಟ್ಟುಗಳ ಹಿಂದೆ ಇದೇ ಬಸ್ಸಿನ ವೇಳಾಪಟ್ಟಿ ಇದೆಯೋ!) ಕೋಟೆಯನ್ನೇ ಆರಿಸಿಕೊಂಡಿದ್ದಕ್ಕೆ ಮಾತ್ರ ಸರಿಯಾದ ಕಾರಣವಿದೆ. ನಲಿ-ಕಲಿ ಹುಟ್ಟಿದ್ದು ಈ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ಇಲ್ಲಿನ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಯುನಿಸೆಫ್ ನೆರವಿನಲ್ಲಿ ಕೂತು ಕಾರ್ಡು ಬರೆದರು. ಅದು ಇಡೀ ರಾಜ್ಯಕ್ಕೆ ಹೋಯಿತು.

ಹಾಲು ಕುಡಿದ ಲೋಟ ತೊಳೆಯುವ ಸದ್ದು ಮುಗಿಯುವ ಹೊತ್ತಿಗೆ ನೀವು ಶಾಲೆಯ ಒಳಗಿದ್ದೀರಿ. ‘ಬನ್ನಿ ಮೇಡಂ, ಕೂತ್ಕೊಳಿ. ಊಟದ ಬೆಲ್ ಆಗ್ಲಿ, ತುಂಬಿಕೊಡ್ತೀನಿ’ ಎನ್ನುತ್ತಾರೆ ಟೀಚರ್. ಒಂದು, ಎರಡು, ಮೂರನೇ ತರಗತಿ ಎಲ್ಲ ಒಂದೇ ಕೋಣೆ, ಒಬ್ಬರೇ ಟೀಚರ್. ಬೆಂಚುಗಳಿಲ್ಲ, ಜಮಖಾನದ ಮೇಲೆ ಗುಂಪು ಗುಂಪಾಗಿ ಮಕ್ಕಳು. ಗೋಡೆಯ ಕೆಳಭಾಗಕ್ಕೆ ಮಕ್ಕಳ ಕೈ ಎಟಕುವಷ್ಟು ಎತ್ತರದಲ್ಲಿ ಕಪ್ಪು ಬಣ್ಣ ಬಳಿದಿದೆ. ಒಬ್ಬೊಬ್ಬರಿಗೆ ಒಂದೊಂದು ಚೌಕ. ಇನ್ನೊಂದು ಗೋಡೆಯಲ್ಲಿ ಕಲಿಕಾ ಏಣಿ.

ಮೂಲೆಯಲ್ಲಿ ಕೂತು ನೋಡುತ್ತೀರಿ. ಒಬ್ಬ ಪುಟ್ಟ ಹುಡುಗ ಏಣಿಯ ಹತ್ತಿರ ಹೋಗಿ ತಾನಿರುವ ಮೆಟ್ಟಿಲನ್ನು ಬೆರಳಿನಿಂದ ಹುಡುಕುತ್ತಾನೆ. ಅಲ್ಲೊಂದು ಪುಟ್ಟ ಚಿತ್ರ. ಅದೇ ಚಿತ್ರದ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಬರುತ್ತಾನೆ. ಯಾರೂ ಅವನಿಗೆ ಏನೂ ಹೇಳಲಿಲ್ಲ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ಅ, ಆ ಎಂದಲ್ಲ; ರ, ಗ, ಸ, ದ, ಅ ಎಂದು. ಐದು ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು, ಕಾಗುಣಿತಕ್ಕೆ ಕಾಯಬೇಕಿಲ್ಲ. ಇವನ ಕಾರ್ಡಿನಲ್ಲಿ ಗರಗಸ.

‘ಗರಗರ’ ಎನ್ನುತ್ತಾನೆ ಹುಡುಗ.

ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದ ಮೂರನೇ ಕ್ಲಾಸಿನ ಹುಡುಗಿ ತಲೆಯೆತ್ತಿ ತನ್ನ ಕತ್ತಿನ ಮಣಿಸರ ಎಳೆದು ತೋರಿಸುತ್ತಾಳೆ. ‘ಇದೇನ್ಲಾ?’

‘ಸರ.’

‘ಸರದಾಗೆ ಮೊದ್ಲು ಏನೈತೆ?’

‘ಸ.’

ಅವಳ ಬೆರಳು ಕಾರ್ಡಿನ ಕೊನೆಯ ಅಕ್ಷರದ ಮೇಲೆ. ಹುಡುಗ ಒಂದು ಕ್ಷಣ ಸುಮ್ಮನಿದ್ದು, ‘ಗ-ರ-ಗ-ಸ’ ಎಂದು ಕಿರುಚುತ್ತಾನೆ. ಅವಳಾಗಲೇ ಲೆಕ್ಕಕ್ಕೆ ಮರಳಿದ್ದಾಳೆ.

ಮಗು ತಾನಾಗಿ ಮಾಡಲಾಗದ್ದನ್ನು ಬಲ್ಲವರ ಕೈ ಹಿಡಿದು ಮಾಡಬಲ್ಲ ಆ ನಡುವಿನ ಜಾಗದ ಬಗ್ಗೆ ಮೊದಲ ಸೆಮಿಸ್ಟರಿನಲ್ಲಿ ಹದಿನಾರು ಅಂಕದ ಉತ್ತರ ಬರೆದಿದ್ದೀರಿ. ‘ಸಮೀಪಸ್ಥ ವಿಕಾಸ ವಲಯ’ ಎಂದು ತಲೆಬರಹಕ್ಕೆ ಅಡಿಗೆರೆಯನ್ನೂ ಎಳೆದಿದ್ದೀರಿ. 1934ರಲ್ಲಿ, ಮೂವತ್ತೇಳನೇ ವಯಸ್ಸಿಗೆ ತೀರಿಕೊಂಡ ವೈಗೋಟ್‌ಸ್ಕಿ ಹೇಳಿದ್ದು ಕಣ್ಣೆದುರು ನಡೆಯಿತು, ಅರ್ಧ ನಿಮಿಷದಲ್ಲಿ. ಇದಕ್ಕೆ ನಿಮ್ಮ ಪ್ರಶ್ನಾವಳಿಯಲ್ಲಿ ಹೇಳಿಕೆ ಸಂಖ್ಯೆ ಯಾವುದು?

ಮಕ್ಕಳು ತಟ್ಟೆ ಹಿಡಿದು ಹೊರಗೆ ಓಡಿದಾಗ ಟೀಚರ್ ಪೆನ್ನು ತೆಗೆಯುತ್ತಾರೆ. ‘ಹೆಸರು ಬರೀಬೇಕಾ?’ ಬೇಡ ಎನ್ನುತ್ತೀರಿ. ಮುಖ ಸಡಿಲವಾಗುತ್ತದೆ. ಟಿಕ್, ಟಿಕ್, ಟಿಕ್, ಎಲ್ಲವೂ ‘ಒಪ್ಪುತ್ತೇನೆ’ ಸಾಲಿನಲ್ಲಿ. ಕೆಲಸದ ಹೊರೆ ಹೆಚ್ಚು ಎಂಬುದಕ್ಕೂ ಒಪ್ಪುತ್ತೇನೆ, ಹೊರೆ ಕಡಿಮೆ ಎಂಬುದಕ್ಕೂ ಒಪ್ಪುತ್ತೇನೆ. ನಾಲ್ಕೇ ನಿಮಿಷ. ಕೊಡುವಾಗ ಮಾತು ಶುರುವಾಗುತ್ತದೆ.

‘ಕೊಡಗಿಗೆ ಕಾಫಿ ಕೊಯ್ಲಿಗೆ ಅಪ್ಪ ಅಮ್ಮ ಹೋದ್ರೆ ಮಗೂನೂ ಹೋಗುತ್ತೆ ಮೇಡಂ. ಮೊದ್ಲಾಗಿದ್ರೆ ಅದು ಬರೋಷ್ಟೊತ್ಗೆ ಪಾಠ ಎಲ್ಲೋ ಹೋಗಿರೋದು, ಮಗು ಹಿಂದಿನ ಸಾಲಲ್ಲಿ ಕೂತು ಆಮೇಲೆ ಶಾಲೆನೇ ಬಿಡೋದು. ಈಗ ಏಣೀಲಿ ಎಲ್ಲಿ ನಿಂತಿತ್ತೋ ಅಲ್ಲಿಂದಾನೇ ಹತ್ತುತ್ತೆ. ಆದ್ರೆ ಕಾರ್ಡು ಹರಿದೋದ್ರೆ ಬೇರೆ ಬರೋದು ತಡ, ನಾನೇ ಬರೆದು ಅಂಟಿಸ್ತೀನಿ. ಇದನ್ನೆಲ್ಲ ಎಲ್ಲಿ ಬರೀಲಿ? ಜಾಗಾನೇ ಇಲ್ವಲ್ಲ.’

ಹಾಳೆ ತಿರುಗಿಸಿ ನೋಡುತ್ತೀರಿ. ಜಾಗವಿಲ್ಲ.

ಹಾಸ್ಟೆಲ್ಲಿನಲ್ಲಿ ರಾತ್ರಿ ಎಕ್ಸೆಲ್. ಐದು, ನಾಲ್ಕು, ನಾಲ್ಕು, ಎರಡು. ನಕಾರಾತ್ಮಕ ಹೇಳಿಕೆಗಳಿಗೆ ಅಂಕ ತಿರುಗುಮುರುಗು. ಐವತ್ತು ಶಿಕ್ಷಕರು, ಐವತ್ತು ಶಿಕ್ಷಕಿಯರು. ಟಿ-ಮೌಲ್ಯ 0.84, 0.05 ಹಂತದಲ್ಲಿ ಬೇಕಾದದ್ದು 1.98. ಸಾರ್ಥಕ ವ್ಯತ್ಯಾಸವಿಲ್ಲ. ‘ಶೂನ್ಯ ಪ್ರಾಕ್ಕಲ್ಪನೆ ಸ್ವೀಕೃತ ಅನ್ಬೇಡ, ತಿರಸ್ಕರಿಸಲು ಆಧಾರ ಸಿಕ್ಕಿಲ್ಲ ಅಂತ ಬರಿ’ ಎಂದು ಮೇಡಂ ತಿದ್ದುತ್ತಾರೆ, ಸರಿಯಾಗಿಯೇ ತಿದ್ದುತ್ತಾರೆ. ಐದನೇ ಅಧ್ಯಾಯದ ‘ಶೈಕ್ಷಣಿಕ ಫಲಿತಾರ್ಥಗಳು’ ಹಿಂದಿನ ರಟ್ಟುಗಳನ್ನು ನೋಡಿದರೆ ತಾನಾಗಿ ಬರುತ್ತವೆ. ಮಣಿಸರದ ಹುಡುಗಿ, ಕಾಫಿ ಕೊಯ್ಲು, ಅಂಟಿಸಿದ ಕಾರ್ಡು ಯಾವ ಕೋಷ್ಟಕದಲ್ಲೂ ಇಲ್ಲ.

ಅಂಕಿಅಂಶ ಬೇಡವೆಂದು ನಾನು ಹೇಳುತ್ತಿಲ್ಲ. ಟಿ-ಟೆಸ್ಟ್ ಕಲಿಯದವರು ಸರ್ಕಾರದ ವರದಿಯೊಂದನ್ನು ಪ್ರಶ್ನಿಸಲಾರರು. ಆದರೆ ಎಂ.ಎಡ್. ಮುಗಿಸಿದವರೇ ನಾಳೆ ಬಿ.ಎಡ್. ಕಾಲೇಜಿನಲ್ಲಿ ನಿಂತು ಶಿಕ್ಷಕರನ್ನು ತಯಾರು ಮಾಡಬೇಕಾದವರು. ಅವರು ಒಂದನೇ ತರಗತಿಯನ್ನು ನೋಡುವುದೇ ಪ್ರಶ್ನಾವಳಿ ವಾಪಸ್ ಪಡೆಯಲು ಕಾಯುವಾಗ ಎಂದರೆ ಎಲ್ಲೋ ತಪ್ಪಿದೆ. 2015ರಿಂದ ಕೋರ್ಸು ಒಂದು ವರ್ಷದ್ದು ಹೋಗಿ ಎರಡು ವರ್ಷದ್ದಾಗಿದೆ. ಸಮಯವಿಲ್ಲ ಎಂಬ ಮಾತು ಇನ್ನು ನಡೆಯದು. ಗೈಡ್‌ಗಳಲ್ಲಿ ಕೇಳಿಕೊಳ್ಳುವುದು ಇಷ್ಟು: ಹಾಳೆ ಹಂಚುವ ಮೊದಲು ನಿಮ್ಮ ವಿದ್ಯಾರ್ಥಿಯನ್ನು ಒಂದು ವಾರ ಆ ಜಮಖಾನದ ಮೇಲೆ ಕೂರಿಸಿ. ಪ್ರಶ್ನಾವಳಿಯ ಕೊನೆಯಲ್ಲಿ ಅರ್ಧ ಪುಟ ಖಾಲಿ ಬಿಡಿಸಿ. ಅಲ್ಲಿ ಟೀಚರ್ ಬರೆದದ್ದಕ್ಕೂ ಪ್ರಬಂಧದಲ್ಲಿ ಒಂದು ಅಧ್ಯಾಯ ಕೊಡಿ.